ಮನೆಗೆ ಬರೆದ ಕಾಗದವೂ ಸಾಕ್ಷಿ

ಅಮೆರಿಕದಲ್ಲಿ ಮಾಜಿ ಸೈನಿಕರಿಗೆಂದೇ ಸರ್ಕಾರ ನಡೆಸುವ ಆಸ್ಪತ್ರೆಗಳಿವೆ. ಮಂಡಿನೋವೆಂದು ಬರಲಿ, ಸಕ್ಕರೆ ಕಾಯಿಲೆಯೆಂದು ಬರಲಿ, ಅಲ್ಲಿಗೆ ಬಂದ ಪ್ರತಿಯೊಬ್ಬರನ್ನೂ ಒಂದು ಸಲವಾದರೂ ಈ ಪ್ರಶ್ನೆ ಕೇಳಬೇಕೆಂಬ ನಿಯಮವಿದೆ: ಸೇನೆಯಲ್ಲಿದ್ದಾಗ ನಿಮಗೆ ಲೈಂಗಿಕ ಕಿರುಕುಳವಾಗಿತ್ತೇ, ಬಲಾತ್ಕಾರ ನಡೆದಿತ್ತೇ? ಹೆಂಗಸರನ್ನಷ್ಟೇ ಅಲ್ಲ, ಗಂಡಸರನ್ನೂ ಕೇಳಬೇಕು. ನನ್ನ ಮಗಳು ಅಂಥ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನಗೆ ಪ್ರಶ್ನೆ ಕೇಳುವುದೇ ಕಸುಬಾಗಿತ್ತು. ಆದರೂ, ‘ಎಪ್ಪತ್ತು ದಾಟಿದ ಮುದುಕರನ್ನು ಇದನ್ನು ಹೇಗೆ ಕೇಳ್ತೀಯೇ?’ ಎಂದು ಬೆರಗಾಗಿ ಕೇಳಿದೆ.

‘ರಾತ್ರಿ ನಿದ್ದೆ ಬರುತ್ತಾ ಅಂತ ಕೇಳೋ ಹಾಗೇ ಕೇಳಬೇಕಮ್ಮ. ಕೇಳಿದ ಮೇಲೆ ಕಂಪ್ಯೂಟರ್ ಕಡೆ ನೋಡಬಾರದು, ಅಷ್ಟೇ’ ಅಂದಳು. ರೋಗಿಗಳ ಹೆಸರು, ಊರು ಯಾವುದನ್ನೂ ಅವಳು ಹೇಳುವವಳಲ್ಲ. ನಾನೂ ಕೆದಕಲಿಲ್ಲ.

ಹೀಗೆ ಕೇಳಿದಾಗ ಮಹಿಳೆಯರಲ್ಲಿ ಸುಮಾರು ಮೂವರಿಗೆ ಒಬ್ಬರು, ಗಂಡಸರಲ್ಲಿ ಐವತ್ತಕ್ಕೆ ಒಬ್ಬರು ಹೌದೆನ್ನುತ್ತಾರೆ. ಇದು ಆ ಇಲಾಖೆಯೇ ಕೊಡುವ ಲೆಕ್ಕ. ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಇಡೀ ಸೇನೆಯದಲ್ಲ. ಐವತ್ತಕ್ಕೆ ಒಬ್ಬರು ತಾನೇ ಎಂದು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಸೇನೆಯಲ್ಲಿ ಗಂಡಸರೇ ಬಹಳವಾದ್ದರಿಂದ ಆ ಒಬ್ಬೊಬ್ಬರನ್ನು ಕೂಡಿದರೆ ಅದೂ ದೊಡ್ಡ ಗುಂಪೇ.

ಈ ಪ್ರಶ್ನೆ ತಾನಾಗಿ ಹುಟ್ಟಲಿಲ್ಲ. 1991ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಾಸ್‌ನ ಹೋಟೆಲೊಂದರಲ್ಲಿ ನೌಕಾಪಡೆಯ ವಿಮಾನ ಚಾಲಕರ ‘ಟೇಲ್‌ಹುಕ್’ ಸಮ್ಮೇಳನ ನಡೆಯಿತು. ಅಲ್ಲಿನ ಪಡಸಾಲೆಯಲ್ಲಿ ಅಧಿಕಾರಿಗಳು ಸಾಲಾಗಿ ನಿಂತು, ಹಾದುಹೋಗುವ ಹೆಂಗಸರ ಮೇಲೆ ಕೈಮಾಡಿದರು. 83 ಮಹಿಳೆಯರು ಮತ್ತು 7 ಮಂದಿ ಗಂಡಸರ ಮೇಲೆ ಹಲ್ಲೆಯಾಗಿತ್ತೆಂದು ತನಿಖೆ ಹೇಳಿತು. ಅವರಲ್ಲೊಬ್ಬರು ಸ್ವತಃ ಹೆಲಿಕಾಪ್ಟರ್ ಚಾಲಕಿಯಾಗಿದ್ದ ಲೆಫ್ಟಿನೆಂಟ್ ಪೌಲಾ ಕಾಫ್ಲಿನ್. 1992ರಲ್ಲಿ ಆಕೆ ಹೆಸರು, ಮುಖ ಮರೆಸದೆ ಜನರ ಮುಂದೆ ನಿಂತರು. ನೌಕಾಪಡೆಯ ಕಾರ್ಯದರ್ಶಿ ರಾಜೀನಾಮೆ ಕೊಡಬೇಕಾಯಿತು. ನೊಂದ ಮಹಿಳೆಯರಿಗೆ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಆಪ್ತಸಲಹೆ ಕೊಡಬೇಕೆಂಬ ಕಾನೂನು ಬಂದದ್ದೂ ಅದೇ ವರ್ಷ. ಗಂಡಸರೂ ನೊಂದಿರಬಹುದೆಂದು ಕಾನೂನಿಗೆ ಹೊಳೆಯಲು ಇನ್ನೆರಡು ವರ್ಷ ಬೇಕಾಯಿತು. ಆ ಹೊತ್ತಿಗೆ, 1994ರಲ್ಲಿ, ಕಾಫ್ಲಿನ್ ಕೆಲಸವನ್ನೇ ಬಿಟ್ಟಿದ್ದರು.

ಕಿರುಕುಳ ಎಲ್ಲಿಲ್ಲ ಎಂದು ಕೇಳುವವರಿದ್ದಾರೆ. ಕಚೇರಿಯಲ್ಲಾದರೆ ಸಂಜೆ ಐದಕ್ಕೆ ಮನೆಗೆ ಬರಬಹುದು, ತೀರಾ ಬೇಸತ್ತರೆ ಕೆಲಸ ಬಿಡಬಹುದು. ಸೈನಿಕ ಹಾಗೆ ಬಿಟ್ಟು ಬಂದರೆ ಅದೇ ಅಪರಾಧ. ತಪ್ಪು ಮಾಡಿದವನು ಪಕ್ಕದ ಮಂಚದಲ್ಲೇ ಮಲಗಿರಬಹುದು, ಬೆಳಿಗ್ಗೆ ಎದ್ದು ಸೆಲ್ಯೂಟ್ ಹೊಡೆಸಿಕೊಳ್ಳುವವನೂ ಅವನೇ ಆಗಿರಬಹುದು. ಮೊಕದ್ದಮೆ ಹೂಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರವೂ ಬಹುಕಾಲ ಸೇನಾಧಿಕಾರಿಗಳ ಕೈಯಲ್ಲೇ ಇತ್ತು.

ಅದು ಬದಲಾಗಲು ಒಂದು ಜೀವ ಹೋಗಬೇಕಾಯಿತು. ಟೆಕ್ಸಾಸಿನ ಫೋರ್ಟ್ ಹುಡ್ ನೆಲೆಯಲ್ಲಿದ್ದ ವನೆಸ್ಸಾ ಗಿಯೆನ್‌ಗೆ ಇಪ್ಪತ್ತು ವರ್ಷ. ತನಗೆ ಕಿರುಕುಳವಾಗುತ್ತಿದೆಯೆಂದು ತಾಯಿಗೆ ಹೇಳಿದ್ದಳು. 2020ರ ಏಪ್ರಿಲ್‌ನಲ್ಲಿ ಸಹ ಸೈನಿಕನೊಬ್ಬ ಆಕೆಯನ್ನು ನೆಲೆಯೊಳಗೇ ಕೊಂದ. ಕೊಂದವನು ಬೇರೆ, ಕಿರುಕುಳ ಕೊಟ್ಟ ಮೇಲಧಿಕಾರಿ ಬೇರೆ. ಕಿರುಕುಳದ ವಿಷಯ ಗೊತ್ತಿದ್ದೂ ತುಕಡಿಯ ಮುಖ್ಯಸ್ಥರು ಸುಮ್ಮನಿದ್ದರು ಎಂದು ಸೇನೆಯ ವರದಿಯೇ 2021ರಲ್ಲಿ ಒಪ್ಪಿಕೊಂಡಿತು. ಆಕೆಯ ತಾಯಿ, ಅಕ್ಕತಂಗಿಯರು ಬೀದಿಗಿಳಿದು ಹೋರಾಡಿದರು. ಕೊನೆಗೆ ಕಾನೂನಾಯಿತು. 2023ರ ಡಿಸೆಂಬರ್‌ನಿಂದ ಇಂಥ ಮೊಕದ್ದಮೆಗಳ ತೀರ್ಮಾನ ಸ್ವತಂತ್ರ ಸೇನಾ ವಕೀಲರದು.

ಮಗಳು ಹೇಳಿದ್ದರಲ್ಲಿ ನನ್ನ ಮನಸ್ಸಿನಲ್ಲಿ ಬಹಳ ನಿಂತದ್ದು ಬೇರೊಂದು ಸಂಗತಿ. ಚಿಕಿತ್ಸೆಗೆ ಹಣವಿಲ್ಲ, ದಾಖಲೆಯನ್ನೂ ಕೇಳುವುದಿಲ್ಲ. ಅಂದು ದೂರು ಕೊಡದಿದ್ದರೂ ಸರಿ. ಆದರೆ ಪರಿಹಾರದ ಪಿಂಚಣಿಗೆ ಸಾಕ್ಷಿ ಬೇಕು. ಬಾಯಿಬಿಡದೆ ನುಂಗಿಕೊಂಡವರು ಸಾಕ್ಷಿಯನ್ನು ಎಲ್ಲಿಂದ ತಂದಾರು? ಅದಕ್ಕೆ ನಿಯಮದಲ್ಲೇ ಒಂದು ದಾರಿ ಇಟ್ಟಿದ್ದಾರೆ. ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಹಿಂದೆ ಬಿದ್ದದ್ದು, ಕಾರಣ ಹೇಳದೆ ವರ್ಗ ಬೇಡಿದ್ದು, ಕುಡಿತಕ್ಕೆ ಬಿದ್ದದ್ದು, ಗೆಳೆಯರ ಹೇಳಿಕೆ, ಆಗ ಬರೆದ ಡೈರಿ, ಮನೆಗೆ ಬರೆದ ಕಾಗದ, ಇವನ್ನೆಲ್ಲ ಸಾಕ್ಷಿಯಾಗಿ ನೋಡಬಹುದು. ಒಬ್ಬರ ತಾಯಿ ಬಿಸ್ಕತ್ತಿನ ಡಬ್ಬಿಯಲ್ಲಿ ಕಾಗದಗಳನ್ನು ಕಾದಿಟ್ಟಿದ್ದರಂತೆ. ನಾಲ್ಕು ಹಾಳೆ ಬರೆಯುತ್ತಿದ್ದ ಮಗ ಒಂದು ತಿಂಗಳಿನಿಂದಾಚೆಗೆ ನಾಲ್ಕು ಸಾಲಿಗೆ ಇಳಿದಿದ್ದ. ಈಗಿನ ಫೋನ್ ಸಂದೇಶಗಳನ್ನು ಯಾರು ಹಾಗೆ ಕಾದಿಡುತ್ತಾರೋ!

ಇದನ್ನು ಬರೆಯಲು ಕಾರಣ, ಹಾಸನದ ನಮ್ಮ ಬೀದಿಯ ಒಬ್ಬ ಹುಡುಗಿ. ಖಡಕ್‌ವಾಸ್ಲದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಿಂದ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ಹೊರಬಂದರು. ಅದನ್ನು ಟಿ.ವಿ.ಯಲ್ಲಿ ನೋಡಿದಾಗಿನಿಂದ ಇವಳದು ಒಂದೇ ಹಟ. ‘ಕಳಿಸಲೋ ಬೇಡವೋ ಮೇಡಂ?’ ಎಂದು ಅವಳಪ್ಪ ಕೇಳಿಕೊಂಡು ಬಂದರು. ಅಮೆರಿಕದ ಲೆಕ್ಕವನ್ನು ತಂದು ನಮ್ಮ ಸೇನೆಗೆ ಹಚ್ಚುವುದು ಸರಿಯಲ್ಲ. ಹೆದರಿ ಹುಡುಗಿಯನ್ನು ಮನೆಯಲ್ಲಿ ಕೂರಿಸುವುದೂ ನನಗೆ ಒಪ್ಪಿಗೆಯಿಲ್ಲ. ಕಳಿಸಿ ಎಂದೆ. ಮಗಳ ಆಸ್ಪತ್ರೆಯ ವಿಷಯವನ್ನೂ ಹುಡುಗಿಯ ಎದುರಿಗೇ ಹೇಳಿದೆ. ಅಪ್ಪ ನೆಲ ನೋಡುತ್ತಾ ಕೂತರು. ಹುಡುಗಿ ಮಾತ್ರ ಕೇಳಿದಳು: ‘ದೂರು ಕೊಟ್ಟರೆ ಟ್ರೈನಿಂಗಿನಿಂದ ತೆಗೆದುಹಾಕ್ತಾರಾ ಮಿಸ್?’

ಅದನ್ನು ಅಕಾಡೆಮಿಯವರನ್ನೇ ಬರೆದು ಕೇಳು ಎಂದೆ. ಅಪ್ಪ ಎದ್ದು ಒಳಗಿನಿಂದ ಪೆನ್ನು ತಂದರು.