ಹೆದರ್ ಬೆಟ್ಟಕ್ಕೆ ಒಂದು ದಿನ: ಮೊದಲು ಗಡಿಯಾರ ನೋಡಿ

ಮ್ಯಾಂಚೆಸ್ಟರ್‌ಗೋ ಶೆಫೀಲ್ಡ್‌ಗೋ ಕೆಲಸಕ್ಕೆ ಬಂದ ನಮ್ಮವರನ್ನು ಯಾರಾದರೂ ‘ಕಿಂಡರ್ ಸ್ಕೌಟ್ ಹತ್ತೋಣ ಬರ್ತೀರಾ’ ಅಂತ ಕರೆದರೆ, ಅವರು ಮೊದಲು ಮೊಬೈಲ್‌ನಲ್ಲಿ ಹುಡುಕೋದು ಎತ್ತರ. 636 ಮೀಟರ್. ಇಷ್ಟೇನಾ ಅಂತ ನಗು ಬರುತ್ತೆ. ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡೇ ಇದಕ್ಕಿಂತ ಎತ್ತರದಲ್ಲಿದೆಯಲ್ಲ!

ಆದರೆ ಇಲ್ಲಿ ಕಷ್ಟ ಇರೋದು ಎತ್ತರದಲ್ಲಲ್ಲ. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನ ಅತಿ ಎತ್ತರದ ಜಾಗವಾದ ಈ ಕಿಂಡರ್‌ಗೆ ಶಿಖರ ಅನ್ನೋದೇ ಇಲ್ಲ. ಮೇಲೆ ಹೋದರೆ ಮೇಜಿನಂತೆ ಚಪ್ಪಟೆಯಾದ ಬಯಲು, ಕಣ್ಣು ಹಾಯುವಷ್ಟು ದೂರ ಹೆದರ್ ಎಂಬ ಕುರುಚಲು ಗಿಡ. (ಹೆಸರು ಕೇಳಿ ಹೆದರಬೇಡಿ, ಆಗಸ್ಟ್‌ನಲ್ಲಿ ಇದು ಹೂ ಬಿಟ್ಟಾಗ ಬೆಟ್ಟವೆಲ್ಲ ನೇರಳೆ.) ಅದರ ಕೆಳಗೆ ಪೀಟ್. ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಒತ್ತಿಕೊಂಡ ಸಸ್ಯಗಳ ಕಪ್ಪು ಮಣ್ಣು ಅದು, ಸ್ಪಂಜಿನ ಹಾಗೆ ನೀರು ಹಿಡಿದಿರುತ್ತೆ. ಮಳೆಯಾದ ಮೇಲೆ ಕಾಲಿಟ್ಟರೆ ಮೊಣಕಾಲವರೆಗೂ ಹೂತುಕೊಳ್ಳಬಹುದು. ನೀರು ಕೊರೆದ ಕೊರಕಲುಗಳೆಲ್ಲ ಒಂದೇ ಥರ. ಮೋಡ ಇಳಿದರೆ ಹತ್ತು ಹೆಜ್ಜೆ ಮುಂದಿನದು ಕಾಣಲ್ಲ. ಗುರುತಿಗೆ ಮರವಿಲ್ಲ, ದಾರಿ ಕೇಳೋಕೆ ಮನೆಯಿಲ್ಲ.

ಹಾಗಾಗಿ ಮೊದಲ ಸಲ ಹೋಗುವವರು ಬಯಲಿನ ನಡುವೆ ಹಾದು ಹೋಗಬೇಡಿ, ಅಂಚಿನಲ್ಲೇ ನಡೆಯಿರಿ. ಈಡೇಲ್ ಸ್ಟೇಷನ್‌ನಲ್ಲಿ ಇಳಿದು ಅಪ್ಪರ್ ಬೂತ್ ಮೂಲಕ ಜೇಕಬ್ಸ್ ಲ್ಯಾಡರ್ ಎಂಬ ಕಲ್ಲುಹಾದಿ ಹತ್ತಿ, ಕಿಂಡರ್ ಲೋ ತನಕ ಹೋಗಿ, ದಕ್ಷಿಣದ ಅಂಚು ಹಿಡಿದು ವಾಪಸ್. ದಾರಿಯಲ್ಲಿ ಗಾಳಿ ಕೊರೆದ ಬಂಡೆಗಳ ರಾಶಿ ಸಿಗುತ್ತೆ, ಹೆಸರು ವುಲ್ ಪ್ಯಾಕ್ಸ್. ಉಣ್ಣೆಯ ಮೂಟೆಗಳನ್ನು ಯಾರೋ ಚೆಲ್ಲಿ ಹೋದಂತಿವೆ. ಅಲ್ಲಿ ಅರ್ಧ ಗಂಟೆ ಕೂರದೆ ಬರಬೇಡಿ.

ಈಗ ಲೆಕ್ಕ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತೆ: 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಸುತ್ತು ಹೆಚ್ಚೂಕಡಿಮೆ 12-13 ಕಿಲೋಮೀಟರ್, ಏರು 450 ಮೀಟರ್ ಅಂದುಕೊಂಡರೆ ಮೂರೂಕಾಲು ಗಂಟೆ. ಅದು ಕಾಗದದ ಮೇಲೆ! ಕೆಸರು, ಎದುರುಗಾಳಿ, ಬುತ್ತಿ, ಸೆಲ್ಫಿ ಎಲ್ಲ ಸೇರಿಸಿ ಆರು ಗಂಟೆ ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಇದೇನೂ ತೊಂದರೆಯಲ್ಲ. ಡಿಸೆಂಬರ್ ನಡುವಿನಲ್ಲಿ ಇಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗ್ತಾನೆ. ಹನ್ನೊಂದಕ್ಕೆ ಹೊರಟರೆ ಇಳಿಯೋದು ಕತ್ತಲಲ್ಲೇ.

ಅದಕ್ಕೇ ಮನೆಯಲ್ಲೇ ‘ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು’ ಅಂತ ತೀರ್ಮಾನ ಮಾಡಿಕೊಳ್ಳಿ. ಬೆಟ್ಟದ ಮೇಲೆ ಮಾಡುವ ತೀರ್ಮಾನಕ್ಕೆ ಹುಮ್ಮಸ್ಸು ಅಡ್ಡ ಬರುತ್ತೆ. ಹೋದ ಅಕ್ಟೋಬರ್‌ನಲ್ಲಿ ಊರಿಂದ ಬಂದಿದ್ದ ನಮ್ಮ ಭಾವನನ್ನು ಕರ್ಕೊಂಡು ಹೋಗಿದ್ದೆ. ಕಿಂಡರ್ ಲೋ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಮೋಡ ಇಳೀತು, ತಿರುಗೋ ಹೊತ್ತೂ ಆಗಿತ್ತು. ‘ಕುಮಾರಪರ್ವತ ಹತ್ತಿದವನು ಕಣೋ ನಾನು, ಇದ್ಯಾವ ಲೆಕ್ಕ’ ಅಂತ ಭಾವ ಗೊಣಗಿದರು. ಬಂದ ಹಾದಿಯಲ್ಲೇ ಇಳಿದೆವು. ರೈಲಿನಲ್ಲಿ ಮಾತಾಡಲಿಲ್ಲ, ಮಾರನೇ ದಿನ ತಾವೇ ಉಪ್ಪಿಟ್ಟು ಮಾಡಿ ಕೊಟ್ಟರು.

ಸಾಮಾನಿನ ವಿಷಯ ಚುಟುಕಾಗಿ. ಜೀನ್ಸ್ ಬೇಡ, ನೆನೆದರೆ ಒಣಗಲ್ಲ, ಮೈ ಶಾಖವನ್ನೇ ಹೀರುತ್ತೆ. ಮಳೆ ಜಾಕೆಟ್, ಬೆಚ್ಚನೆ ಒಂದು ಪದರ, ಟೋಪಿ, ಹಿಡಿತವಿರುವ ಬೂಟು, ಟಾರ್ಚ್, ದಿಕ್ಸೂಚಿ. ಆರ್ಡ್‌ನೆನ್ಸ್ ಸರ್ವೆಯ ‘ಡಾರ್ಕ್ ಪೀಕ್’ ಕಾಗದದ ನಕ್ಷೆಗೆ ಚಾರ್ಜ್ ಬೇಡ, ಸಿಗ್ನಲ್ಲೂ ಬೇಡ. ಬುತ್ತಿಗೆ ಚಪಾತಿ-ಚಟ್ನಿಪುಡಿ ಸುರುಳಿಯೇ ವಾಸಿ, ಚಿತ್ರಾನ್ನ ಆ ಚಳಿಗೆ ಗಟ್ಟಿ ಕಲ್ಲು. ಮಲೆನಾಡಿನ ಇಂಬಳದ ಕಾಟ ಇಲ್ಲಿಲ್ಲ, ಆದರೆ ಉಣುಗು ಇದೆ. ಅದು ಲೈಮ್ ಕಾಯಿಲೆ ಹರಡಬಲ್ಲದು, ಮನೆಗೆ ಬಂದು ಕಾಲು ನೋಡಿಕೊಳ್ಳಿ. ಮತ್ತೆ ಬೆಂಕಿ ಮಾತ್ರ ಖಂಡಿತ ಬೇಡ. ಒಣಗಿದ ಪೀಟ್ ನೆಲದೊಳಗೇ ದಿನಗಟ್ಟಲೆ ಉರಿಯುತ್ತೆ.

ಈ ಬಯಲಲ್ಲಿ ಹೀಗೆ ಓಡಾಡೋದು ಒಂದು ಕಾಲಕ್ಕೆ ಅತಿಕ್ರಮಣ ಆಗಿತ್ತು. ಶ್ರೀಮಂತರು ಗ್ರೌಸ್ ಹಕ್ಕಿ ಬೇಟೆಗೆ ಇಟ್ಟುಕೊಂಡ ಜಾಗ, ಕಾವಲುಗಾರರು ಬೇರೆ. 1932ರ ಏಪ್ರಿಲ್ 24, ಭಾನುವಾರ. ಇಪ್ಪತ್ತು ವರ್ಷದ ಬೆನ್ನಿ ರಾತ್‌ಮನ್ ಮುಂದಾಳುತನದಲ್ಲಿ ನೂರಾರು ಯುವಕ ಯುವತಿಯರು ಹೇಫೀಲ್ಡ್ ಕಡೆಯಿಂದ ಬೇಕಂತಲೇ ಮೇಲೆ ಹತ್ತಿದರು. ವಾರವೆಲ್ಲ ದುಡಿದವರಿಗೆ ಸಿಗುತ್ತಿದ್ದ ರಜೆ ಅದೊಂದೇ. ಐವರಿಗೆ ಜೈಲಾಯಿತು, ರಾತ್‌ಮನ್‌ಗೆ ನಾಲ್ಕು ತಿಂಗಳು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂಥ ಬಯಲುಗಳಲ್ಲಿ ದಾರಿ ಬಿಟ್ಟೂ ನಡೆಯುವ ಹಕ್ಕು ಕಾನೂನಾಗಿದ್ದು 2000ದಲ್ಲಿ. ಶನಿವಾರ ಬೆಳಿಗ್ಗೆ ಟಿಕೆಟ್ಟೂ ಪರ್ಮಿಟ್ಟೂ ಇಲ್ಲದೆ ನಾವು ಹತ್ತುತ್ತೇವಲ್ಲ, ಅದರ ಹಿಂದೆ ಇಷ್ಟೆಲ್ಲ ಇದೆ. ನಾಯಿ ಜೊತೆಗಿದ್ದರೆ ಮಾರ್ಚ್‌ನಿಂದ ಜುಲೈವರೆಗೆ ಹಗ್ಗ ಬಿಚ್ಚಬೇಡಿ, ನೆಲದಲ್ಲಿ ಹಕ್ಕಿಗಳು ಗೂಡು ಕಟ್ಟಿರುತ್ತವೆ.

ಹೊರಡೋ ಮುಂಚೆ ರೂಮ್‌ಮೇಟ್‌ಗೆ ದಾರಿ, ವಾಪಸ್ ರೈಲು, ‘ಇಷ್ಟು ಹೊತ್ತಾದರೂ ಫೋನ್ ಬರದಿದ್ದರೆ 999 ಮಾಡು’ ಅಂತ ಮೆಸೇಜ್ ಹಾಕಿ. ನೀವೇ ಮಾಡಬೇಕಾಗಿ ಬಂದರೆ ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಬರುವವರು ಸಂಬಳವಿಲ್ಲದ ಸ್ವಯಂಸೇವಕರು. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೆಳಗಿಳಿದ ಕೂಡಲೇ ರೂಮ್‌ಮೇಟ್‌ಗೆ ‘ಇಳಿದೆ’ ಅಂತ ಹೇಳಿಬಿಡಿ. ಚಹಾ ಆಮೇಲೆ.