ಪರದೆಯ ಸುತ್ತಲಿನ ಕಪ್ಪು

ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಕಂಡವರಿಗೆ ನೆನಪಿರಬಹುದು, ಪರದೆ ಗಾಜಿಗೆ ಅಂಟಿಕೊಂಡಿರುತ್ತಿರಲಿಲ್ಲ. ಒಳಗೆ, ಕಪ್ಪು ಬಾವಿಯ ತಳದಲ್ಲಿ ಇರುತ್ತಿತ್ತು. ಆ ಬಾವಿಯ ಗೋಡೆಗೇ ಬೆಜೆಲ್ ಎನ್ನುವುದು. ಪಿಕ್ಚರ್ ಟ್ಯೂಬಿನ ಅಂಚು, ವೈರು, ಹಸಿ ಮರ ಎಲ್ಲವನ್ನೂ ಮುಚ್ಚುವುದು ಅದರ ಕೆಲಸ. ಚೆನ್ನಾಗಿದ್ದರೆ ಅದು ಇದೆಯೆಂದೇ ತಿಳಿಯುವುದಿಲ್ಲ. (ಪ್ರಾಜೆಕ್ಟ್ ಮ್ಯಾನೇಜರುಗಳ ಬಗ್ಗೆಯೂ ಹೀಗೇ ಹೇಳುತ್ತಾರೆ, ಅಪ್ರೈಸಲ್ ಹೊತ್ತಿಗೆ ಮರೆಯುತ್ತಾರೆ.)

ಪುಣೆಯ ಫ್ಲಾಟಿನ ಬಾಲ್ಕನಿಯಲ್ಲಿ ನಾನು ಕಟ್ಟುತ್ತಿದ್ದ ಪೆಟ್ಟಿಗೆಗೆ 19 ಇಂಚಿನ ಹಳೆಯ ಮಾನಿಟರ್, ಒಳಗೊಂದು ರಾಸ್ಪ್‌ಬೆರಿ ಪೈ. 1980ರ ಪ್ಯಾಕ್‌ಮ್ಯಾನ್ ನಿಂತ ಪರದೆಯ ಆಟ. ಅಗಲ 3 ಪಾಲು, ಎತ್ತರ 4 ಪಾಲು. ನನ್ನ ಮಾನಿಟರನ್ನು ಎತ್ತಿ ನಿಲ್ಲಿಸಿದರೆ ಅಗಲ 1024 ಪಿಕ್ಸೆಲ್, ಎತ್ತರ 1280. ಆಟಕ್ಕೆ 960 ಅಗಲ ಸಾಕು. ಎರಡೂ ಬದಿ 32 ಪಿಕ್ಸೆಲ್, ಅಂದರೆ 9 ಮಿಲಿಮೀಟರಿನಷ್ಟು ಮುಚ್ಚಲೇಬೇಕು. ಎಲ್‌ಸಿಡಿಯ ಕಪ್ಪು ನಿಜವಾದ ಕಪ್ಪಲ್ಲ, ಕತ್ತಲಲ್ಲಿ ಬೂದಿಯಂತೆ ಹೊಳೆಯುತ್ತದೆ.

ತೊಡಕಿದ್ದುದು ಕೋನದಲ್ಲಿ. ಮಾನಿಟರ್ ಹಿಂದಕ್ಕೆ ವಾಲಿದೆ, ಮುಂದಿನ ಅಕ್ರಿಲಿಕ್ ಬೇರೊಂದು ಕೋನದಲ್ಲಿದೆ, ಬಡಗಿ ಕೊಟ್ಟ ಪ್ಲೈವುಡ್ಡಿನ ಎಡಗೋಡೆ 4 ಮಿ.ಮೀ. ಒಳಗೆ ಸರಿದಿದೆ. ನಾಲ್ಕು ತುಂಡುಗಳಲ್ಲಿ ಒಂದೂ ಆಯತವಲ್ಲ. ಎಂಟೆಕ್ ಓದಿದವನು ನಾನು, ಎಕ್ಸೆಲ್ ತೆರೆದು ಕೂತೆ.

ಅಪ್ಪ ಗದಗದಲ್ಲಿ 38 ವರ್ಷ ಟೇಲರ್ ಆಗಿದ್ದವರು. ಅವ್ವ ಹೋದ ಮೇಲೆ ಇಲ್ಲಿಗೆ ಕರೆತಂದು ಐದು ತಿಂಗಳು. ಇಲ್ಲಿ ಅವರಿಗೆ ಮಾತಿಲ್ಲ, ಕೈಗೆ ಕೆಲಸವಿಲ್ಲ. ದಿನಾ ಚಹಾದ ಹೊತ್ತಿಗೆ ಒಂದೇ ಪ್ರಶ್ನೆ: "ಟಿಕೇಟ್ ತಗಸಿದೇನು?" ನಾನು ಆಫೀಸಿನ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಆ ಸಂಜೆ ಅವರೇ ಎದ್ದು ರದ್ದಿ ಪೇಪರು, ಕತ್ತರಿ ತಂದರು. ಪೇಪರನ್ನು ಪೆಟ್ಟಿಗೆಯೊಳಗೆ ಒತ್ತಿ ಹಿಡಿದು ಅಂಚಿನುದ್ದಕ್ಕೂ ಉಗುರಿನಿಂದ ಗೆರೆ ಎಳೆದರು.

"ಎರಡೂ ಬಾಜೂ ಒಂದ ಅಳತಿ ಹಿಡೀಬ್ಯಾಡ. ಮನಷ್ಯಾನ ಹೆಗಲರೆ ಎಲ್ಲಿ ಸಮ ಇರ್ತಾವ?"

ನಾಲ್ಕೂ ತುಂಡುಗಳಿಗೆ ಒಂದಿಂಚು ಮಾರ್ಜಿನ್ ಬಿಟ್ಟರು. ಅದನ್ನೇ ಫೋಟೋ ಫ್ರೇಮ್ ಅಂಗಡಿಯ ಕಪ್ಪು ಮೌಂಟ್ ಬೋರ್ಡಿಗೆ ಇಳಿಸಿದೆವು. ಮಡಿಕೆ ಬರುವಲ್ಲಿ ಅರ್ಧ ದಪ್ಪಕ್ಕೆ ಬ್ಲೇಡು ಆಡಿಸಿ ಮಡಚಿದರೆ ಗೆರೆ ನೇರ ನಿಲ್ಲುತ್ತದೆ, ಮಾರ್ಜಿನ್ ಹಿಂದೆ ಅಂಟಲಿಕ್ಕೆ ಆಗುತ್ತದೆ. ಬೋರ್ಡಿನ ಹೊಟ್ಟೆ ಬಿಳಿ, ಕತ್ತರಿಸಿದ ಅಂಚಿಗೆಲ್ಲ ಮಾರ್ಕರ್ ಹಚ್ಚಿದೆ. ಅಪ್ಪ ರಾತ್ರಿ ಹನ್ನೊಂದರವರೆಗೆ ಊಟದ ಮಾತೆತ್ತಲಿಲ್ಲ.

ಪ್ಯಾಕ್‌ಮ್ಯಾನ್ ಹಚ್ಚಿ ಲೈಟ್ ಆರಿಸಿದೆವು. ಮಗಳು ಆಡಿದಳು. ಅಪ್ಪ ಆಟ ನೋಡಲೇ ಇಲ್ಲ, ಮೂಲೆಗಳನ್ನೇ ನೋಡುತ್ತಿದ್ದರು. ಎಡಗಡೆ ಕೆಳಗೆ ಕೂದಲೆಳೆಯಷ್ಟು ಬೆಳಕು ಸೋರುತ್ತಿತ್ತು.

ಮರುದಿನ ಟಿಕೆಟ್ ತೆಗೆಸಿದೆ, ಶುಕ್ರವಾರ ರಾತ್ರಿಯ ಬಸ್ಸು. ಪ್ರಿಂಟನ್ನು ಮಡಚಿ ಜೇಬಿಗಿಟ್ಟುಕೊಂಡು ಬಾಲ್ಕನಿಗೆ ಹೋದರು. ನಾನು ಟೇಪು ಅಂಟಿಸಲು ಹೊರಟಿದ್ದೆ.

"ಅದನ್ನ ಹಂಗ ಬಿಡು. ಅಂಗಡ್ಯಾಗ ಕರೀ ಮಖಮಲ್ ತುಂಡ ಅದಾವ, ಬರೂಮುಂದ ತರ್ತೀನಿ" ಎಂದರು.