ಸೋತವರು ಕಟ್ಟಿದ ಬೆಲೆ

ಗೊಂಬೆ ಮಾಡುವುದು ನನಗೆ ಕಷ್ಟವಲ್ಲ. ‘ಎಷ್ಟು?’ ಎಂದು ಯಾರಾದರೂ ಕೇಳಿದಾಗ ಬಾಯಿ ಬಿಡುವುದಿದೆಯಲ್ಲ, ಅದು ಕಷ್ಟ. ಹಳೆಯ ಪತ್ರಿಕೆಗಳನ್ನು ನೆನೆಹಾಕಿ, ರುಬ್ಬಿ, ಮೆಂತ್ಯದ ಹಿಟ್ಟು, ಸೀಮೆಸುಣ್ಣದ ಪುಡಿ, ಗೋಂದು ಸೇರಿಸಿ ಕಲಸಿ ಗೇಣುದ್ದದ ಜನರನ್ನು ಮಾಡುತ್ತೇನೆ. ದೇವರುಗಳ ತಂಟೆಗೆ ಹೋಗುವುದಿಲ್ಲ, ಅವರನ್ನು ಮಾಡುವವರು ಊರ ತುಂಬಾ ಇದ್ದಾರೆ. ನನ್ನವರು ದೇವರಾಜ ಮಾರುಕಟ್ಟೆಯ ಹೂವಿನವಳು, ಸೈಕಲ್ ತಳ್ಳಿಕೊಂಡು ಬರುವ ಅಂಚೆಯಣ್ಣ, ಟಾಂಗಾದವನು, ಬೀದಿ ನಲ್ಲಿಯ ಮುಂದೆ ಜಗಳಕ್ಕೆ ನಿಂತ ಇಬ್ಬರು ಹೆಂಗಸರು. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳು ಮೇಲೆ ಕೂತರೆ ಕೆಳಗಿನ ಮೆಟ್ಟಿಲಲ್ಲಿ ಇಂಥ ಬಡಪಾಯಿಗಳಿಗೂ ಒಂದಿಷ್ಟು ಜಾಗ ಇರುತ್ತದೆ. ನಾನು ಅಚ್ಚು ಬಳಸುವುದಿಲ್ಲವಾದ್ದರಿಂದ ಒಬ್ಬರ ಮೂಗು ಇನ್ನೊಬ್ಬರಿಗಿಲ್ಲ.

ಮೊದಮೊದಲು ನೆಂಟರಿಷ್ಟರಿಗೇ ಕೊಡುತ್ತಿದ್ದೆ. ಆಗ ಬೆಲೆಯ ಪ್ರಶ್ನೆ ಏಳುತ್ತಿರಲಿಲ್ಲ. ಗೊಂಬೆ ಹೋಗುತ್ತಿತ್ತು, ಬಾಳೆಹಣ್ಣು ಬ್ಲೌಸ್ ಪೀಸು ಬರುತ್ತಿತ್ತು. ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದ ಮೇಲೆ ಗುರುತಿಲ್ಲದವರು ಕೇಳತೊಡಗಿದರು. ಗುರುತಿಲ್ಲದವರಿಗೆ ಬ್ಲೌಸ್ ಪೀಸಿನ ಲೆಕ್ಕ ನಡೆಯುವುದಿಲ್ಲ.

“ಬೆಲೆ ನೀನ್ಯಾಕೆ ಹೇಳ್ತೀ ಚಿಕ್ಕಮ್ಮ? ಹರಾಜು ಹಾಕೋಣ. ಅವರೇ ಹೇಳ್ತಾರೆ” ಅಂದಳು ಅಕ್ಕನ ಮಗಳು.

ಹರಾಜು ಎಂದ ಕೂಡಲೇ ನನಗೆ ನೆನಪಾದದ್ದು ರಾಮನಗರ. ಮೈಸೂರಿನಿಂದ ಹಳೆಯ ರಸ್ತೆಯಲ್ಲಿ ಬೆಂಗಳೂರಿಗೆ ಹೊರಟರೆ ಮೊದಲು ಚನ್ನಪಟ್ಟಣ, ಅದು ದಾಟಿ ಸ್ವಲ್ಪ ಹೊತ್ತಿಗೇ ರಾಮನಗರ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು, ತಿರುಗುವಾಗಲೇ ಬಣ್ಣದ ಅರಗು ಹಚ್ಚಿ ಮಾಡಿದ ಬುಗುರಿ, ಗಿಲಕಿ, ಕುದುರೆಗಳು ಅಂಗಡಿ ಮುಂದೆ ಸಾಲಾಗಿ ನಿಂತಿರುತ್ತವೆ. ಅಂಗಡಿಯವನು ಒಂದು ಬೆಲೆ ಹೇಳುತ್ತಾನೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಯಾರೂ ಬೆಲೆ ಹೇಳುವುದಿಲ್ಲ. ರೈತ ಗೂಡು ಸುರಿದು ನಿಲ್ಲುತ್ತಾನೆ. ನೂಲು ಬಿಚ್ಚುವವರು ಬಂದು ಕೈಯಲ್ಲಿ ಹಿಡಿದು, ಅಲ್ಲಾಡಿಸಿ, ಒತ್ತಿ ನೋಡಿ ಸವಾಲು ಹಾಕುತ್ತಾರೆ. ಹಿಂದೆ ಕೂಗಿ ಹಾಕುತ್ತಿದ್ದರು, ಈಗ ಮೊಬೈಲಿನಲ್ಲಿ ಒತ್ತುತ್ತಾರೆ.

ಒಂದೇ ರಸ್ತೆಯ ಎರಡು ಊರಿಗೆ ಎರಡು ರೀತಿ ಯಾಕೆ? ಗೂಡಿನೊಳಗೆ ಜೀವ ಇದೆ. ನಾಲ್ಕು ದಿನ ಹೆಚ್ಚು ಇಟ್ಟರೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ, ಎಳೆ ಹಾಳು. ಒಬ್ಬ ರೈತನ ಗೂಡು ಇನ್ನೊಬ್ಬನ ಹಾಗಿರುವುದಿಲ್ಲ. ಕೊಳ್ಳುವವರೆಲ್ಲ ಒಂದೇ ಸೂರಿನಡಿ ನೆರೆದಿರುತ್ತಾರೆ. ಚನ್ನಪಟ್ಟಣದ ಬುಗುರಿಗೆ ಈ ಯಾವ ಅವಸರವೂ ಇಲ್ಲ. ಈ ವರ್ಷ ಹೋಗದಿದ್ದರೆ ಬರುವ ವರ್ಷ ಹೋಗುತ್ತದೆ, ಅದರ ಪಕ್ಕದ ಬುಗುರಿಯೂ ಅದರಂಥದೇ.

ಇನ್ನು ನನ್ನ ಹೂವಿನವಳು. ಒಂದರಂತೆ ಒಂದಿಲ್ಲದಿರುವುದರಲ್ಲಿ ಗೂಡಿನ ಜಾತಿ, ಕೆಡದೆ ಉಳಿಯುವುದರಲ್ಲಿ ಬುಗುರಿಯ ಜಾತಿ. ಅದೂ ಪೂರ್ತಿ ನಿಜವಲ್ಲ. ವಿಜಯದಶಮಿ ಕಳೆದ ಮರುದಿನ ಗೊಂಬೆ ಬೇಕೆನ್ನುವವರು ಒಬ್ಬರೂ ಸಿಗುವುದಿಲ್ಲ.

ಮೂರನೆಯ ದಾರಿಯೊಂದಿತ್ತು. ನಮ್ಮ ತಾತ ಚುಂಚನಕಟ್ಟೆಯ ದನದ ಜಾತ್ರೆಗೆ ಹೋಗಿ ಬಂದು ಹೇಳುತ್ತಿದ್ದರು: ಅಲ್ಲಿ ಬೆಲೆ ಬಾಯಲ್ಲಿ ಬರುವುದಿಲ್ಲ. ದಲ್ಲಾಳಿ ಟವೆಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾನೆ, ಸುತ್ತ ನಿಂತವರಿಗೆ ಟವೆಲು ಅಲ್ಲಾಡುವುದಷ್ಟೇ ಕಾಣುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ‘ಬೆಲೆಗೆ ಮೆಸೇಜ್ ಮಾಡಿ’ ಎಂದು ಬರೆಯುವವರೆಲ್ಲ ಆ ಟವೆಲನ್ನೇ ಹೊದಿಸಿ ಕೂತವರು. ನನಗೆ ಅದು ಒಗ್ಗಲಿಲ್ಲ. ಎತ್ತಿನ ಹಲ್ಲು ನೋಡಿ ಬೆಲೆ ಇಳಿಸಬಹುದು. ಗೊಂಬೆಯ ಮೂಗು ನೋಡಿ ಇಳಿಸಿದರೆ ಮಾಡಿದವಳಿಗೆ ಚುಚ್ಚುತ್ತದೆ.

ಒಂದೇ ಬೆಲೆ, ಅದೂ ಚೀಟಿ ಅಂಟಿಸಿದ ಬೆಲೆ, ನಾವು ತಿಳಿದಷ್ಟು ಹಳೆಯದಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವನ ಕ್ವೇಕರ್ ಪಂಥದವರು ಚೌಕಾಸಿಯನ್ನೇ ಬಿಟ್ಟರು. ಕೊನೆಗೆ ಐದಕ್ಕೆ ಕೊಡಲು ಸಿದ್ಧನಿರುವವನು ಮೊದಲು ಎಂಟು ಎಂದರೆ ಅದು ಸುಳ್ಳು, ಸುಳ್ಳು ಪಾಪ ಎಂಬುದು ಅವರ ವಾದ. ಮೊದಮೊದಲು ಗಿರಾಕಿಗಳು ಅತ್ತ ಸುಳಿಯಲಿಲ್ಲ. ಮಗುವಿನ ಕೈಯಲ್ಲಿ ದುಡ್ಡು ಕೊಟ್ಟು ಕಳಿಸಿದರೂ ಅಲ್ಲಿ ಮೋಸವಿಲ್ಲ ಎಂದು ತಿಳಿದ ಮೇಲೆ ನೂಕುನುಗ್ಗಲಾಯಿತು. ಪಾಪಭೀತಿಯಿಂದ ಹುಟ್ಟಿದ್ದು ಲಾಭದಲ್ಲಿ ಮುಗಿಯಿತು. ಇನ್ನೂರು ವರ್ಷದ ಮೇಲೆ ದೊಡ್ಡ ಅಂಗಡಿಗಳು ಬಂದಾಗ ಕಾರಣ ಬೇರೆ. ಪ್ಯಾರಿಸ್ಸಿನ ಬಾನ್ ಮಾರ್ಶೆಗೆ 1852ರಲ್ಲಿ ಪಾಲುದಾರನಾಗಿ ಸೇರಿದ ಅರಿಸ್ಟೀಡ್ ಬೂಸಿಕೋ ಪ್ರತಿ ಸಾಮಾನಿಗೂ ಬೆಲೆ ಬರೆದಿಟ್ಟ. ನೂರಾರು ನೌಕರರಿರುವ ಕಡೆ ಒಬ್ಬೊಬ್ಬನೂ ಒಂದೊಂದು ಬೆಲೆಗೆ ಮಾರಿದರೆ ಧಣಿಯ ಗತಿಯೇನು?

ಅಂತರ್ಜಾಲದ ಅಂಗಡಿಯಾದರೋ ಶುರುವಾದದ್ದೇ ಹರಾಜಿನಿಂದ. 1995ರಲ್ಲಿ ಪಿಯೆರ್ ಒಮಿಡ್ಯಾರ್ ಮುಂದೆ ಈಬೇ ಆಗಲಿದ್ದ ತಾಣವನ್ನು ತೆರೆದು, ತನ್ನಲ್ಲಿದ್ದ ಕೆಟ್ಟುಹೋದ ಲೇಸರ್ ಪಾಯಿಂಟರನ್ನು ಹರಾಜಿಗಿಟ್ಟ. ಅದು 14.83 ಡಾಲರಿಗೆ ಹೋಯಿತು. ‘ಅದು ಕೆಟ್ಟಿದೆ, ಗೊತ್ತಲ್ಲ?’ ಎಂದು ಕೇಳಿದರೆ, ಕೊಂಡವನು ತಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಸಂಗ್ರಹಿಸುವವನು ಎಂದನಂತೆ. ಕೈಯಲ್ಲಿ ಏನಾದರೊಂದು ಮಾಡಿ ಮಾರಲು ಹೊರಟ ಯಾರಿಗೂ ಇದಕ್ಕಿಂತ ಧೈರ್ಯ ಕೊಡುವ ಕಥೆ ನನಗೆ ಗೊತ್ತಿಲ್ಲ.

ಆ ತಾಣವೇ 2000ದಲ್ಲಿ ‘ಈಗಲೇ ಕೊಳ್ಳಿ’ ಎಂಬ ಗುಂಡಿಯನ್ನೂ ಇಟ್ಟಿತು. ಮುಂದಿನ ಹತ್ತು ವರ್ಷದಲ್ಲಿ ಆ ಗುಂಡಿಯೇ ಹರಾಜನ್ನು ಮೂಲೆಗೆ ತಳ್ಳಿತು. ಅರ್ಥಶಾಸ್ತ್ರಜ್ಞರು ಅದರ ಲೆಕ್ಕಪತ್ರ ತೆಗೆದು, ಒಬ್ಬನೇ ಮಾರಾಟಗಾರ ಒಂದೇ ಸಾಮಾನನ್ನು ಎರಡೂ ರೀತಿ ಮಾರಿದ್ದನ್ನು ಹೋಲಿಸಿ ನೋಡಿದ್ದಾರೆ: ಹರಾಜಿಗಿಟ್ಟದ್ದು ಮಾರಾಟವಾಗುವ ಸಾಧ್ಯತೆ ಹೆಚ್ಚು, ಸಿಗುವ ಬೆಲೆ ಕಡಿಮೆ. ಹರಾಜಿನ ಮೋಜೂ ಜನರಿಗೆ ಹಳಸಿತ್ತು. ಮನೆಗೆ ಒಂದು ಕುಕ್ಕರ್ ಬೇಕಾದವರು ವಾರಗಟ್ಟಲೆ ಸವಾಲು ಕಾಯುತ್ತಾರೆಯೇ? ಇಂಡಿಯಾದಲ್ಲಿ ಬಾಝೀ ಎಂಬ ಹರಾಜು ತಾಣವನ್ನು 2004ರಲ್ಲಿ ಕೊಂಡು ಈಬೇ ಕಾಲೂರಿತು; 2018ರಲ್ಲಿ ಇಲ್ಲಿನ ಆ ತಾಣದ ಬಾಗಿಲೇ ಮುಚ್ಚಿತು. ಹಳೆಯ ನಾಣ್ಯ, ಅಂಚೆಚೀಟಿ, ಬೆಂಕಿಪೆಟ್ಟಿಗೆಯ ಚೀಟಿ ಸಂಗ್ರಹಿಸುವ ನಮ್ಮ ಜನ ಮಾತ್ರ ಹರಾಜು ಬಿಡಲಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ, ಫೇಸ್‌ಬುಕ್ಕಿನಲ್ಲಿ ಈಗಲೂ ಜೋರಾಗಿ ನಡೆಸುತ್ತಾರೆ.

ಅಂಥದೇ ಒಂದು ಗೊಂಬೆಪ್ರಿಯರ ಗುಂಪಿನಲ್ಲಿ ಅಕ್ಕನ ಮಗಳು ಹೂವಿನವಳನ್ನು ಇಟ್ಟಳು. ಆರಂಭ 900 ರೂಪಾಯಿ, ಮುಕ್ತಾಯ ರಾತ್ರಿ ಒಂಬತ್ತಕ್ಕೆ. ಸಂಜೆಯವರೆಗೆ ಗುಂಪು ಗಪ್‌ಚಿಪ್. ಎಂಟೂ ಮುಕ್ಕಾಲಿನ ನಂತರ ಎಲ್ಲಿದ್ದರೋ ಜನ! ಲಂಡನ್ನಿನಲ್ಲಿ ಮೇಣದಬತ್ತಿ ಹಚ್ಚಿಟ್ಟು, ಅದು ಆರುವ ಕ್ಷಣದವರೆಗೆ ಸವಾಲು ಕೂಗುತ್ತಿದ್ದ ಕಾಲದಲ್ಲೂ ಹೀಗೇ ಇತ್ತು. ಸ್ಯಾಮ್ಯುಯೆಲ್ ಪೆಪಿಸ್ 1662ರ ದಿನಚರಿಯಲ್ಲಿ ಅಂಥ ಹರಾಜಿನ ಬಗ್ಗೆ ಬರೆದಿದ್ದಾನೆ. ಎಲ್ಲರಿಗಿಂತ ಚಾಲಾಕಿಯಾಗಿ ಕೂಗಿದವನೊಬ್ಬನನ್ನು ವಿಚಾರಿಸಿದರೆ, ಬತ್ತಿ ಆರುವ ಮುಂಚೆ ಹೊಗೆ ಕೆಳಕ್ಕಿಳಿಯುತ್ತದೆ, ಅದನ್ನು ನೋಡಿಕೊಂಡು ಕೂಗುತ್ತೇನೆ ಎಂದನಂತೆ. ನಮ್ಮ ಗುಂಪಿನವರು ನೋಡುತ್ತಿದ್ದುದು ಫೋನಿನ ಗಡಿಯಾರ.

ಕೊನೆಗೆ ಉಳಿದವರು ಇಬ್ಬರು: ಪುಣೆಯಲ್ಲಿ ನೆಲೆಸಿದ ಕನ್ನಡದವರೊಬ್ಬರು, ಶಿವಮೊಗ್ಗದವರೊಬ್ಬರು. ಶಿವಮೊಗ್ಗದವರು 4,500 ಎಂದರು. ಪುಣೆಯವರು 4,600 ಎಂದರು. ಶಿವಮೊಗ್ಗ ಸುಮ್ಮನಾಯಿತು. ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಫೋನು ನೋಡಿದರು.

ಮುಂದಿನ ವಾರ ಟಾಂಗಾದವನನ್ನು ಇಟ್ಟೆವು. ಹೂವಿನವಳಿಗಿಂತ ಅವನಿಗೆ ಎರಡು ಪಟ್ಟು ಕೆಲಸ ಹಿಡಿದಿತ್ತು; ಕುದುರೆಯ ಕಾಲುಗಳೇ ನನ್ನ ಪ್ರಾಣ ತಿಂದಿದ್ದವು. ಅವನು 1,000ಕ್ಕೆ ಹೋದ. ಕೊಂಡವರು ಅದೇ ಪುಣೆಯವರು. ಶಿವಮೊಗ್ಗದವರು ಅಂದು ಮದುವೆಮನೆಯಲ್ಲಿದ್ದರಂತೆ.

ಪುಣೆಯವರು ಹೂವಿನವಳಿಗೆ ಹತ್ತು ಸಾವಿರ ಕೊಡಲೂ ತಯಾರಿದ್ದಿರಬಹುದು, ಟಾಂಗಾದವನಿಗೆ ಇಪ್ಪತ್ತು. ಅದು ನನಗೆ ಗೊತ್ತಾಗುವ ದಾರಿಯೇ ಇಲ್ಲ. ಹರಾಜಿನಲ್ಲಿ ಬೆಲೆ ಕಟ್ಟುವುದು ಗೆದ್ದವರಲ್ಲ, ಸೋತವರು. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿಗೊಂದು ಮೆಟ್ಟಿಲು ಮೇಲೆ ಬೆಲೆ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಇದನ್ನೇ ಗಣಿತವಾಗಿ ಬಿಡಿಸಿದ: ಎಲ್ಲರೂ ಮುಚ್ಚಿದ ಲಕೋಟೆಯಲ್ಲಿ ಬರೆದುಕೊಡಲಿ, ಹೆಚ್ಚು ಬರೆದವನಿಗೆ ವಸ್ತು, ಆದರೆ ಅವನು ತೆರಬೇಕಾದದ್ದು ಎರಡನೆಯವನು ಬರೆದ ಬೆಲೆ. ಈ ಕೆಲಸಕ್ಕೆ 1996ರಲ್ಲಿ ನೊಬೆಲ್ ಬಂತು. ಪ್ರಕಟಣೆಯಾದ ಮೂರೇ ದಿನಕ್ಕೆ ಆತ ತೀರಿಕೊಂಡ. ಅಮೆರಿಕದ ಮ್ಯಾಸಚೂಸೆಟ್ಸಿನ ಅಂಚೆಚೀಟಿ ವ್ಯಾಪಾರಿಗಳು ಮಾತ್ರ ಇಂಥದೇ ಉಪಾಯವನ್ನು 1893ರಲ್ಲೇ, ಯಾವ ಗಣಿತವೂ ಇಲ್ಲದೆ, ನಡೆಸುತ್ತಿದ್ದರು. ದೂರದ ಗಿರಾಕಿಗಳು ಅಂಚೆಯಲ್ಲಿ ಸವಾಲು ಕಳಿಸುತ್ತಿದ್ದರು. ಗೆದ್ದವರು ಎರಡನೆಯವರಿಗಿಂತ ಒಂದು ಮೆಟ್ಟಿಲು ಹೆಚ್ಚು ಕೊಟ್ಟರೆ ಸಾಕಿತ್ತು.

ಟಿಪ್ಪುವಿನ ಶಯ್ಯಾಗೃಹದ ಖಡ್ಗ 2023ರಲ್ಲಿ ಲಂಡನ್ನಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋದಾಗ ಪತ್ರಿಕೆಗಳೆಲ್ಲ ಕೊಂಡವರು ಯಾರಿರಬಹುದೆಂದು ತಲೆ ಕೆಡಿಸಿಕೊಂಡವು. ಹರಾಜು ಸಂಸ್ಥೆಯ ಅಂದಾಜು ಇದ್ದದ್ದು 15ರಿಂದ 20 ಲಕ್ಷ. ನನಗೆ ಕುತೂಹಲ ಎರಡನೆಯವರ ಮೇಲೆ. ಅಷ್ಟು ದೂರದವರೆಗೆ ಓಡಿಸಿ, ಕೊನೆಗೆ ಬರಿಗೈಲಿ ಮನೆಗೆ ಹೋದರಲ್ಲ!

ಖಡ್ಗ ಒಂದೇ, ಅದಕ್ಕೆ ಜಗತ್ತೆಲ್ಲ ಗಿರಾಕಿ. ನನ್ನ ಗೊಂಬೆಗೆ ಸಾಮಾನ್ಯವಾಗಿ ಒಬ್ಬರೇ. ಫೋಟೊ ನೋಡಿ, ‘ಅಯ್ಯೋ, ಇದು ನಮ್ಮಜ್ಜಿಯ ಹಾಗೇ ಇದೆ’ ಎನ್ನುವವರು ಒಬ್ಬರು ಸಿಕ್ಕರೆ ಪುಣ್ಯ. ಅದೇ ಅಜ್ಜಿಯನ್ನು ಕಂಡ ಇನ್ನೊಬ್ಬರು ಅದೇ ರಾತ್ರಿ ಎಂಟೂ ಮುಕ್ಕಾಲಿಗೆ ಬಿಡುವಾಗಿರಬೇಕು ಎಂದರೆ ಅದು ವ್ಯಾಪಾರವಲ್ಲ, ಜಾತಕ ಕೂಡಿಸುವ ಕೆಲಸ. ಆದ್ದರಿಂದ ನನ್ನ ತೀರ್ಮಾನ ಒಂದೇ ಬೆಲೆಯ ಕಡೆಗೆ ವಾಲಿತು. ಬಾಯಿಗೆ ಬರದ ಸಂಖ್ಯೆಯನ್ನು ಹಲ್ಲು ಕಚ್ಚಿ ಬರೆದುಬಿಡುವುದು. ಒಂಟಿ ಗೊಂಬೆಗೆ 1,800, ಕುದುರೆ ಇದ್ದರೆ ಹೆಚ್ಚು.

“ಸುಮ್ಮನೆ ದುಡ್ಡು ಬಿಟ್ಟುಕೊಡ್ತಿದ್ದೀಯ ಚಿಕ್ಕಮ್ಮ. 4,600 ಮರೆತುಹೋಯ್ತಾ?”

“ಟಾಂಗಾದವನ ಸಾವಿರ ನಿನಗೆ ಮರೆತುಹೋಯ್ತಾ?” ಅಂದೆ.

ಅಷ್ಟರಲ್ಲಿ ಶಿವಮೊಗ್ಗದವರಿಂದ ಮೆಸೇಜು ಬಂತು: ಹೂವಿನವಳಂಥದೇ ಇನ್ನೊಂದು ಮಾಡಿಕೊಡುತ್ತೀರಾ? ನಾವು ಹೇಳಿದ್ದ ಬೆಲೆಯನ್ನೇ ಕೊಡುತ್ತೇವೆ. ಈಬೇಯಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇದೆ, ಸೋತವರಿಗೆ ಅವರದೇ ಕೊನೆಯ ಸವಾಲಿಗೆ ಇನ್ನೊಂದನ್ನು ಕೊಡಬಹುದು. ಲೇಸರ್ ಪಾಯಿಂಟರಾದರೆ ಸರಿ. ಪುಣೆಯವರು ಅಷ್ಟು ಕೊಟ್ಟದ್ದು ಅಂಥ ಹೂವಿನವಳು ಇನ್ನೊಬ್ಬಳಿಲ್ಲ ಎಂಬ ನಂಬಿಕೆಯ ಮೇಲೆ. ‘ಅವಳನ್ನು ಮತ್ತೆ ಮಾಡುವುದಿಲ್ಲ, ಮಲ್ಲಿಗೆ ಮೊಗ್ಗು ಕಟ್ಟುತ್ತಾ ಕೂತಿರುವ ಅವಳ ಅತ್ತೆಯನ್ನು ಬೇಕಾದರೆ ಮಾಡಿಕೊಡುತ್ತೇನೆ, ಬೆಲೆ 1,800’ ಎಂದು ಬರೆದೆ. ಅತ್ತೆಯ ಚಿತ್ರ ಗೀಚಿ ಜೊತೆಗೆ ಕಳಿಸಿದೆ.

ಅವರಿಗೆ ಬಹಳ ಹಿಡಿಸಿತು. ಮುಖದಲ್ಲಿನ ಗತ್ತು, ಮೂಗಿನ ಬೊಟ್ಟು ಎಲ್ಲವನ್ನೂ ಹೊಗಳಿದರು. ಆಮೇಲೆ ಬಂದದ್ದು ಇದು: ‘ಸ್ವಲ್ಪ ಏನಾದರೂ ಕಮ್ಮಿ ಮಾಡ್ಕೊಳ್ಳಿ ಮೇಡಂ.’

1,700ಕ್ಕೆ ಒಪ್ಪಿಕೊಂಡೆ. ಕೊರಿಯರ್ ಖರ್ಚು ಅವರದು.